ಆದಿತ್ಯವಾರದ ಬಸ್ಸು

ಸುದ್ದಿ ಬಂದಾಗ ನಾನು ಆಫೀಸಿನಲ್ಲಿದ್ದೆ. ಆ ದಿನ ಆದಿತ್ಯವಾರ. ದೋಹಾದಲ್ಲಿ ರಜೆ ಶುಕ್ರವಾರ ಮತ್ತು ಶನಿವಾರ; ಆದಿತ್ಯವಾರ ವಾರದ ಮೊದಲ ಕೆಲಸದ ದಿನ. ಹಳೆಯ ಸಹೋದ್ಯೋಗಿಗಳ ವಾಟ್ಸಾಪ್ ಗುಂಪಿನಲ್ಲಿ ಮೊದಲು ಒಂದು ಮೇಣದಬತ್ತಿಯ ಚಿತ್ರ ಬಂತು. ಯಾರದೆಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಬಾಯಮ್ಮ ಹೋಗಿದ್ದರು. ಉಡುಪಿಯ ಹತ್ತಿರದ ತಮ್ಮ ಊರಿನಲ್ಲಿ, ಬೆಳಗಿನ ಪೂಜೆ ಮುಗಿಸಿ, ಚರ್ಚಿನ ಎದುರಿನ ಬಸ್ ಸ್ಟಾಪಿನಲ್ಲಿ ಕೂತಿದ್ದರು. ಕೂತಲ್ಲೇ ಹೋದರು. ಹೃದಯ ಎಂದು ಯಾರೋ ಬರೆದರು.

ಆಮೇಲೆ ಗುಂಪು ಮಾತಾಡತೊಡಗಿತು.

“ಪಾಪ, ಒಬ್ಬರೇ ಇದ್ರಂತೆ.”

“ಚರ್ಚಿನವರು ಎಷ್ಟೋ ಜನ ಕಾರಲ್ಲಿ ಕರೆದ್ರಂತೆ. ಬೇಡ ಅಂದ್ರಂತೆ.”

“ಇಲ್ಲಿಯೂ ಹಾಗೇ ಅಲ್ವಾ? ಹಟ. ಕೊನೆಗೆ ಬಸ್ ಸ್ಟಾಪಲ್ಲಿ ಅನಾಥರ ಹಾಗೆ. ಪಾಪ.”

ನನ್ನ ಕೆಲಸ ಕಟ್ಟಡ ಕಟ್ಟುವಲ್ಲಿ ಕಾಂಕ್ರೀಟನ್ನು ಪರೀಕ್ಷಿಸಿ ವರದಿ ಬರೆಯುವುದು. ಕಂಡದ್ದನ್ನು ಬರೆಯಬೇಕು, ಕಂಡದ್ದಕ್ಕಿಂತ ಹೆಚ್ಚು ಬರೆಯಬಾರದು. ಆ ದಿನ ಒಂದೇ ವರದಿಯನ್ನು ಪುನಃ ಪುನಃ ಬರೆದೆ. ಗುಂಪಿನ ಆ ‘ಪಾಪ’ಕ್ಕೆ ಉತ್ತರ ಹಾಕಬೇಕೆಂದು ನಾಲ್ಕು ಅಕ್ಷರ ಒತ್ತಿದೆ, ಅಳಿಸಿದೆ. ಉತ್ತರ ಉದ್ದವಾಗುತ್ತಿತ್ತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬಾಯಮ್ಮ ಎಂಬುದು ಹೆಸರಲ್ಲ. ನಮ್ಮ ಕರಾವಳಿಯಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಹಾಗೆ ಕರೆಯುತ್ತಾರೆ. ನಾನು ಕೆಲಸಕ್ಕೆ ಸೇರಿದ ದಿನ ಅವರನ್ನು ‘ಮೇಡಂ’ ಎಂದೆ. “ಯಾವ ಊರು?” ಎಂದು ಕೇಳಿದರು. ಹೇಳಿದೆ. “ಹಾಗಾದ್ರೆ ಮೇಡಂ ಯಾಕೆ? ಊರಲ್ಲಿ ನಮ್ಮನ್ನು ಎಂತ ಕರೀತಾರೋ ಹಾಗೇ ಕರಿ” ಎಂದರು. ಅವರ ಮನೆಮಾತು ಕೊಂಕಣಿ, ನನ್ನದು ತುಳು. ನಡುವೆ ಕನ್ನಡ ಬಿತ್ತು.

ಅವರು ನಮ್ಮ ಕಂಪನಿಯಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್ ಆಗಿದ್ದರು. ನಕ್ಷೆಗಳನ್ನು ಕಾಯುವ ಕೆಲಸ. ಒಂದು ಕಟ್ಟಡದ ನಕ್ಷೆ ಕಟ್ಟಿ ಮುಗಿಸುವಷ್ಟರಲ್ಲಿ ಎಷ್ಟೋ ಸಲ ಬದಲಾಗುತ್ತದೆ. ಪ್ರತಿ ಬದಲಾವಣೆಗೂ ಒಂದು ರಿವಿಷನ್ ನಂಬರು ಬೀಳಬೇಕು, ಹಳೆಯ ಪ್ರತಿಗೆ ‘ರದ್ದು’ ಎಂದು ಕೆಂಪು ಮೊಹರು ಬೀಳಬೇಕು, ಹೊಸ ಪ್ರತಿ ಯಾರ ಯಾರ ಕೈಗೆ ಹೋಗಬೇಕೋ ಅವರ ಕೈಗೆ ಮಾತ್ರ ಹೋಗಬೇಕು. ಈ ಅಭ್ಯಾಸ ಅವರ ಉಳಿದ ಬದುಕಿಗೂ ಇಳಿದಿತ್ತು. ಕ್ರಿಸ್‌ಮಸ್ಸಿಗೆ ಮಾಡುವ ಕುಸ್ವಾರ್ ತಿಂಡಿಗಳ ಪಾಕವಿಧಾನದ ಮೇಲೆ ‘ರಿವಿಷನ್ ೨’ ಎಂದು ಬರೆದಿದ್ದನ್ನು ನಾನು ನೋಡಿದ್ದೇನೆ. ಮೊದಲನೆಯದರಲ್ಲಿ ಏನು ತಪ್ಪಿತ್ತು ಎಂದು ಕೇಳಿದ್ದಕ್ಕೆ, “ಅದು ಅಮ್ಮನದ್ದು” ಎಂದರು.

ಮದುವೆಯಾಗಿರಲಿಲ್ಲ. ಅಲ್ ಮನ್ಸೂರಾದಲ್ಲಿ ನಾನಿರುವ ಕಟ್ಟಡದಲ್ಲೇ, ನಮ್ಮ ಮೇಲಿನ ಮಹಡಿಯಲ್ಲಿ, ಒಂದು ಫ್ಲ್ಯಾಟಿನ ಒಂದು ಕೋಣೆ ಅವರದು. ಬೆಳಿಗ್ಗೆ ಕಂಪನಿ ವ್ಯಾನು ಕರೆದುಕೊಂಡು ಹೋಗುತ್ತಿತ್ತು, ಸಂಜೆ ತಂದು ಬಿಡುತ್ತಿತ್ತು. ಅದರಾಚೆ ಎಲ್ಲಿಗೆ ಹೋಗುವುದಾದರೂ ಯಾರದಾದರೂ ಕಾರಿನಲ್ಲಿ ಲಿಫ್ಟ್ ಕೇಳಬೇಕು. ಮುಖ್ಯವಾಗಿ ಶುಕ್ರವಾರ. ಇಲ್ಲಿ ಚರ್ಚುಗಳೆಲ್ಲ ಅಬು ಹಮೂರಿನ ಒಂದೇ ಆವರಣದಲ್ಲಿವೆ. ಆದಿತ್ಯವಾರದ ಪೂಜೆಗೆ ಜನ ಶುಕ್ರವಾರವೇ ಅಲ್ಲಿಗೆ ಹೋಗುತ್ತಾರೆ. ಹೊರಗೆ ಶಿಲುಬೆ ಕಾಣಿಸುವುದಿಲ್ಲ, ಗಂಟೆ ಬಾರಿಸುವುದಿಲ್ಲ. ಬಾಯಮ್ಮ ಬಹಳ ವರ್ಷ ಒಂದು ಕುಟುಂಬದ ಕಾರಿನ ಹಿಂದಿನ ಸೀಟಿನಲ್ಲಿ, ಎರಡು ಮಕ್ಕಳ ನಡುವೆ ಕೂತು ಹೋದರು. ಆ ಕುಟುಂಬ ಒಳ್ಳೆಯದು. ಪೂಜೆ ಮುಗಿದ ಮೇಲೆ ಅವರು ಹೈಪರ್‌ಮಾರ್ಕೆಟ್ಟಿಗೆ ಹೋದರೆ ಇವರೂ ಹೋಗಬೇಕು, ಅವರು ಗೆಳೆಯರ ಮನೆಗೆ ಹೋದರೆ ಇವರೂ ಹೋಗಿ ಸೋಫಾದ ತುದಿಯಲ್ಲಿ ಕೂತು ಜ್ಯೂಸ್ ಕುಡಿಯಬೇಕು. ಇದಕ್ಕಾಗಿ ಪ್ರತಿ ಗುರುವಾರ ಆ ಕುಟುಂಬಕ್ಕೆಂದು ಇಡ್ಲಿಯಂಥ ಸಾನ್ನ ಮಾಡಿ ಡಬ್ಬ ತುಂಬಿಡುತ್ತಿದ್ದರು.

“ಅವರು ಯಾವಾಗಲೂ ಹೇಳ್ತಾರೆ, ನಿಮ್ಮನ್ನು ಬಿಡ್ಲಿಕ್ಕೆ ನಮಗೆ ದೂರ ಏನಲ್ಲ ಅಂತ. ದೂರ ಆಗದಿದ್ರೆ ಯಾರಾದ್ರೂ ಆ ಮಾತು ಹೇಳ್ತಾರಾ?”

“ನೀವೇ ಡ್ರೈವಿಂಗ್ ಕಲಿಯಬಹುದಿತ್ತಲ್ಲ?” ಎಂದು ನಾನು ಕೇಳಿದ್ದೆ.

“ಕಲೀಲಿಕ್ಕೆ ಹೋಗಿದ್ದೆ. ಅರ್ಧಕ್ಕೆ ಬಿಟ್ಟೆ. ಕಾರು ತಗೊಂಡ್ರೆ ಬೇರೆಯವರಿಗೆ ಲಿಫ್ಟ್ ಕೊಡಬೇಕಲ್ಲ, ಮಾರಾಯ್ತಿ.”

ನನ್ನ ಗಂಡನಿಗೆ ಅವರನ್ನು ಕಂಡರೆ ಸಲುಗೆ. ಕಟ್ಟಡದ ಕೆಳಗೆ ಸಿಕ್ಕಿದಾಗಲೆಲ್ಲ ಕಾರಿನ ಬಾಗಿಲು ತೆರೆಯುತ್ತಿದ್ದ. ಬಾಯಮ್ಮ ಒಂದು ಸಲವೂ ಹತ್ತಲಿಲ್ಲ.

“ನನ್ನ ಕಾರಿಗೆ ಎಂತ ರೋಗ ಬಾಯಮ್ಮ?”

“ಕಾರಿಗೆ ಏನಿಲ್ಲ. ನೀವು ದಾರಿಯುದ್ದಕ್ಕೂ ಮಾತಾಡ್ತೀರಿ. ನಾನು ಹೂಂ ಹೂಂ ಅನ್ನಬೇಕಾಗ್ತದೆ. ಅದಕ್ಕಿಂತ ಬಿಸಿಲು ವಾಸಿ.”

ದೋಹಾದಲ್ಲಿ ಮೆಟ್ರೋ ಶುರುವಾದಾಗ ಅವರಿಗೆ ಐವತ್ತು ದಾಟಿತ್ತು. ಮೊದಲ ವಾರವೇ ನನ್ನನ್ನು ಕರೆದುಕೊಂಡು ಹೋದರು. ಎಲ್ಲಿಗೆ ಎಂದು ಕೇಳಿದೆ. “ಕೊನೆಗೆ” ಎಂದರು. ಕೊನೆಯ ಸ್ಟೇಷನ್ನಿನವರೆಗೆ ಹೋದೆವು, ಇಳಿದೆವು, ಇನ್ನೊಂದು ರೈಲು ಹತ್ತಿ ವಾಪಸು ಬಂದೆವು. ಇಲ್ಲಿನ ಮೆಟ್ರೋಗೆ ಚಾಲಕನಿಲ್ಲ, ಎಲ್ಲ ಕಂಪ್ಯೂಟರು. ಮುಂದಿನ ಡಬ್ಬಿಯ ಗಾಜಿನ ಹತ್ತಿರ ನಿಂತು ಬಾಯಮ್ಮ ಬಹಳ ಹೊತ್ತು ಸುರಂಗವನ್ನು ನೋಡಿದರು.

“ಡ್ರೈವರೇ ಇಲ್ಲ ನೋಡು. ಇಳಿಯುವಾಗ ಯಾರಿಗೂ ಥ್ಯಾಂಕ್ಸ್ ಹೇಳ್ಬೇಕಾಗಿಲ್ಲ.”

ಅದಾದ ಮೇಲೆ ಅವರು ಯಾರಿಂದಲೂ ಲಿಫ್ಟ್ ತೆಗೆದುಕೊಂಡದ್ದನ್ನು ನಾನು ನೋಡಿಲ್ಲ. ಅಬು ಹಮೂರಿಗೆ ಹೋಗಲು ಬಸ್ಸು ಹುಡುಕಿಕೊಂಡರು. ಶುಕ್ರವಾರ ಬೆಳಿಗ್ಗೆ ಬಸ್ಸು ಕಡಿಮೆ, ಮೆಟ್ರೋ ತಡವಾಗಿ ಶುರುವಾಗುತ್ತದೆ. ಅದಕ್ಕೆ ತಕ್ಕಂತೆ ಸಂಜೆಯ ಪೂಜೆಗೆ ಬದಲಾಯಿಸಿಕೊಂಡರು. ಸಾನ್ನ ಮಾಡುವುದನ್ನು ಮಾತ್ರ ಬಿಡಲಿಲ್ಲ. “ಈಗ ನನಗೋಸ್ಕರ ಮಾಡ್ತೇನೆ. ಹೆಚ್ಚು ಮೃದು ಬರ್ತದೆ” ಎಂದರು.

ಇನ್ನು ಹಾಲೆಂಡಿನ ವಿಷಯ.

ಅವರ ಮೇಜಿನ ಹಿಂದಿನ ಗೋಡೆಯಲ್ಲಿ ಒಂದು ಕ್ಯಾಲೆಂಡರಿನ ಹಾಳೆ ಇತ್ತು. ಹಿಂದೆ ಯಾವುದೋ ಬಂದರಿನ ಕೆಲಸಕ್ಕೆ ಬಂದಿದ್ದ ಡಚ್ ಎಂಜಿನಿಯರ್ ಒಬ್ಬರು ಕೊಟ್ಟದ್ದು. ಏಪ್ರಿಲ್ ತಿಂಗಳ ಹಾಳೆ; ಆ ವರ್ಷ ಮುಗಿದು ಎಷ್ಟೋ ವರ್ಷವಾದರೂ ಅಲ್ಲೇ ಇತ್ತು. ಕಾಲುವೆಯ ದಂಡೆಯಲ್ಲಿ ಒಂದು ಗಾಳಿಗಿರಣಿ, ಅದರ ಮುಂದೆ ಸಾಲುಸಾಲಾಗಿ ಕೆಂಪು ಹಳದಿ ಟ್ಯುಲಿಪ್ ಹೊಲ. ಎಲ್ಲರೂ ನೋಡಿರುವಂಥದೇ ಚಿತ್ರ. ನಾನೂ ದಿನವೂ ನೋಡುತ್ತಿದ್ದೆ. ಒಂದು ದಿನ ಅವರು ಪೆನ್ಸಿಲಿನ ತುದಿಯಿಂದ ಚಿತ್ರದ ಎಡಮೂಲೆ ತೋರಿಸಿದರು. ರಸ್ತೆಯ ಅಂಚಿನಲ್ಲಿ ಒಂದು ಸಣ್ಣ ಕಂಬ, ಅದರ ತಲೆಯಲ್ಲಿ ಒಂದು ಫಲಕ.

“ಬಸ್ ಸ್ಟಾಪು. ಇಲ್ಲಿಗೆ ಬಸ್ಸು ಹೋಗ್ತದೆ.”

ಅವರು ಆ ಹಾಳೆಯನ್ನು ಇಟ್ಟುಕೊಂಡದ್ದು ಹೂವಿಗಾಗಿ ಅಲ್ಲ ಎಂದು ನನಗೆ ಆಗ ಗೊತ್ತಾಯಿತು. ಎಂಜಿನಿಯರ್ ವಾಪಸು ಹೋಗುವ ಮೊದಲು ಅದು ಯಾವ ಹಳ್ಳಿ ಎಂದು ಕೇಳಿ ಚಿತ್ರದ ಕೆಳಗೆ ಬರೆದಿಟ್ಟುಕೊಂಡಿದ್ದರು.

ಅಲ್ಲಿಗೆ ಹೋಗುವ ನಿರ್ಧಾರ ಮಾಡಿದ್ದು ದೋಹಾದಲ್ಲಿ ಅವರ ಕೊನೆಯ ವರ್ಷದಲ್ಲಿ. ಅರವತ್ತಾಗುತ್ತಿತ್ತು. ಕೆಲಸ ಮುಗಿದರೆ ಇಲ್ಲಿನ ವಾಸದ ಪರವಾನಗಿಯೂ ಮುಗಿಯುತ್ತದೆ, ಊರಿಗೆ ಹೋಗಬೇಕು. “ಊರಿಗೆ ಹೋದ ಮೇಲೆ ಎಲ್ಲಿಗೆ ಹೋಗುದಾದ್ರೂ ನನ್ನ ತಮ್ಮ ಕಾರು ತರ್ತಾನೆ” ಎಂದರು. ತಮ್ಮ ಒಳ್ಳೆಯವನು ಎಂದೂ ಹೇಳಿದರು. ಟ್ಯುಲಿಪ್ ಅರಳುವುದು ಏಪ್ರಿಲಿನ ಕೆಲವೇ ವಾರ. ದೋಹಾದಿಂದ ಹೋಗುವುದಕ್ಕೆ ಅವರಿಗೆ ಉಳಿದಿದ್ದದ್ದು ಒಂದೇ ಏಪ್ರಿಲ್.

ತೊಡಕು ಎಂದರೆ ಅದೇ ತಮ್ಮನ ಮಗ. ಅವನು ಹಾಲೆಂಡಿನಲ್ಲೇ ಕೆಲಸದಲ್ಲಿದ್ದ, ಕಾರಿತ್ತು. ಸುದ್ದಿ ತಿಳಿದ ಕೂಡಲೇ ಫೋನು ಮಾಡಿದ. ಸ್ಪೀಕರಿನಲ್ಲಿ ಹಾಕಿದ್ದರು, ನಾನು ಎದುರಿಗಿದ್ದೆ.

“ಆಂಟಿ, ನೀವು ಏನೂ ತಲೆ ಕೆಡಿಸ್ಕೊಳ್ಬೇಡಿ. ಏರ್‌ಪೋರ್ಟಿಂದ ನಾನೇ ಪಿಕಪ್ ಮಾಡ್ತೇನೆ. ಟ್ಯುಲಿಪ್, ವಿಂಡ್‌ಮಿಲ್, ಚೀಸು, ಎಲ್ಲಾ ಒಂದೇ ದಿನದಲ್ಲಿ ಮುಗಿಸಿಬಿಡುವ.”

“ಮುಗಿಸ್ಲಿಕ್ಕೆ ಅದೇನು ಪಾಯಸವಾ? ಬೇಡ ಮಗಾ. ಸೋಮವಾರ ನಿಮ್ಮನೆಗೆ ಊಟಕ್ಕೆ ಬರ್ತೇನೆ. ರೈಲಿನಲ್ಲಿ ಬರ್ತೇನೆ. ಸ್ಟೇಷನ್ನಿಗೂ ಬರ್ಬೇಡ.”

“ಆಂಟಿ, ನಮಗೇನು ದೂರ ಅಲ್ಲ.”

ಬಾಯಮ್ಮ ನನ್ನ ಮುಖ ನೋಡಿದರು.

ಪ್ರವಾಸದ ಯೋಜನೆ ಒಂದು ನಕ್ಷೆಯಂತೆಯೇ ತಯಾರಾಯಿತು. ರಿವಿಷನ್ ೦, ರಿವಿಷನ್ ೧. ಪ್ರತಿ ಸಲ ಎರಡು ಪ್ರತಿ: ಒಂದು ಅವರಿಗೆ, ಒಂದು ನನಗೆ. ಹಳೆಯದಕ್ಕೆ ಕೆಂಪು ಮೊಹರು. ತಮ್ಮನ ಮಗನಿಗೂ ಒಂದು ಕಳಿಸಿದರೆ ನೋಡಿ ಹೇಳುತ್ತಾನಲ್ಲ ಎಂದೆ. “ಅವನು ವಿತರಣಾ ಪಟ್ಟಿಯಲ್ಲಿ ಇಲ್ಲ” ಎಂದರು. ಊಟದ ವಿರಾಮದಲ್ಲಿ ನಾವಿಬ್ಬರೂ ಕೂತು ಆ ದೇಶದ ಬಸ್ಸು ರೈಲುಗಳ ವೇಳಾಪಟ್ಟಿ ಓದಿದೆವು. ಅಷ್ಟು ಮುಂದಿನ ದಿನಾಂಕ ಹಾಕಿದರೆ ವೆಬ್‌ಸೈಟು ಏನೂ ತೋರಿಸುತ್ತಿರಲಿಲ್ಲ. ಆದ್ದರಿಂದ ಆ ಹಳ್ಳಿಯ ಬಸ್ಸಿನ ಪಟ್ಟಿಯನ್ನೇ ಇಳಿಸಿಕೊಂಡೆವು. ಪಟ್ಟಿಯಲ್ಲಿ ‘ಕೆಲಸದ ದಿನಗಳು’ ಎಂದು ಒಂದು ಭಾಗ, ರಜೆಯದು ಬೇರೆ.

ಕೊನೆಯ ರಿವಿಷನ್ನಿನ ಪ್ರತಿ ಈಗಲೂ ನನ್ನ ಬಳಿ ಇದೆ. ಶುಕ್ರವಾರ: ಇಳಿಯುವುದು, ವಿಶ್ರಾಂತಿ, ರಜಾದಿನ, ಬಸ್ಸು ಕಡಿಮೆ ಇರುತ್ತದೆ. ಶನಿವಾರ: ದೊಡ್ಡ ಹೂದೋಟ, ಅದಕ್ಕೆ ವಿಶೇಷ ಬಸ್ಸಿದೆ. ಆದಿತ್ಯವಾರ: ಗಾಳಿಗಿರಣಿ, ಹೊಲ; ಹೋಗುವಾಗ ರೈಲು, ಆಮೇಲೆ ಕಾಲುವೆಯ ಬದಿ ನಡಿಗೆ; ಬರುವಾಗ ಚಿತ್ರದ ಸ್ಟಾಪಿನಿಂದ ಬಸ್ಸು; ಕೆಲಸದ ದಿನ, ಬಸ್ಸು ಧಾರಾಳ. ಸೋಮವಾರ: ತಮ್ಮನ ಮಗನ ಮನೆ.

ಪರಿಶೀಲಿಸಿದವರು ಎಂಬ ಕಡೆ ನನ್ನ ಸಹಿ ಇದೆ. ಯೂರೋಪಿನಲ್ಲಿ ರಜೆ ಯಾವ ದಿನ ಎಂದು ಯಾರಾದರೂ ಕೇಳಿದ್ದರೆ ನಾವಿಬ್ಬರೂ ತಟ್ಟನೆ ಸರಿಯಾದ ಉತ್ತರ ಹೇಳುತ್ತಿದ್ದೆವು. ಯಾರೂ ಕೇಳಲಿಲ್ಲ.

ವೀಸಾಕ್ಕೆ ಹೋದಾಗ ಕೌಂಟರಿನ ಹುಡುಗಿ, ಯಾರ ಜೊತೆ ಹೋಗುತ್ತೀರಿ ಎಂದು ಕೇಳಿದಳಂತೆ. ಒಬ್ಬಳೇ ಎಂದರಂತೆ. ಅಲ್ಲಿ ನಿಮ್ಮನ್ನು ಯಾರು ತಿರುಗಾಡಿಸುತ್ತಾರೆ ಎಂದಳಂತೆ. “ಸರಕಾರ” ಎಂದರಂತೆ. ವೀಸಾ ಬಂತು.

ಶುಕ್ರವಾರ ಸಂಜೆ ಅಲ್ಲಿಂದ ಮೊದಲ ಫೋನು. ಇಳಿದಿದ್ದರು, ಕೋಣೆ ಸಿಕ್ಕಿತ್ತು. ಧ್ವನಿ ಬೇಸರದಲ್ಲಿತ್ತು.

“ಇಲ್ಲಿ ಹತ್ತಿರ ಒಂದು ಚರ್ಚು ಉಂಟು. ಪೂಜೆಗೆ ಅಂತ ಹೋದೆ. ಬೀಗ! ಶುಕ್ರವಾರ, ಚರ್ಚಿಗೆ ಬೀಗ! ಯೂರೋಪಲ್ಲಿ ಧರ್ಮ ಹೋಯ್ತು ಅಂತ ಹೇಳುದು ಕೇಳಿದ್ದೆ. ನಿಜ ಮಾರಾಯ್ತಿ.”

ಹೌದು, ಕಾಲ ಕೆಟ್ಟಿತು ಎಂದೆ.

ಶನಿವಾರ ಹೂದೋಟದಿಂದ ಫೋಟೋ ಬಂದವು. ಹೂವಿನ ಫೋಟೋ ಎರಡು. ಬಸ್ಸಿನ ಒಳಗಿನದು, ಬಸ್ಸಿನ ಹೊರಗಿನದು, ಬಸ್ ನಿಲ್ದಾಣದ್ದು ಸೇರಿ ಉಳಿದವು. “ತುಂಬ ಜನ. ಹೂ ಕೂಡ ಸಾಲಲ್ಲಿ ನಿಂತಿದೆ” ಎಂದು ಬರೆದಿದ್ದರು.

ಆದಿತ್ಯವಾರ ನಾನು ಸೈಟಿನ ತಾತ್ಕಾಲಿಕ ಆಫೀಸಾದ ಪೋರ್ಟಾ ಕ್ಯಾಬಿನಿನಲ್ಲಿದ್ದೆ. ಊಟದ ಮೊದಲು ಫೋನು ಬಂತು.

“ಕೆಲಸದಲ್ಲಿದ್ದೀಯಾ?”

“ಹೂಂ ಬಾಯಮ್ಮ. ಎಲ್ಲಿದ್ದೀರಿ?”

“ಸ್ಟಾಪಲ್ಲಿ. ಅದೇ ಸ್ಟಾಪು. ಕಂಬ ಸ್ವಲ್ಪ ವಾಲಿದೆ, ಫೋಟೋದಲ್ಲಿ ನೆಟ್ಟಗಿತ್ತು.”

“ವಿಂಡ್‌ಮಿಲ್?”

“ಉಂಟು. ತಿರುಗ್ತಾ ಉಂಟು.”

“ಹೂ?”

“ಅದೂ ಉಂಟು. ಬಸ್ಸಿಲ್ಲ.”

ಬಹಳ ಹೊತ್ತಿನಿಂದ ಕಾಯುತ್ತಿದ್ದರು. ಪಟ್ಟಿಯ ಪ್ರಕಾರ ಎರಡು ಬಸ್ಸು ಹೋಗಬೇಕಿತ್ತು. ಗಾಳಿ ಜೋರಾಗಿತ್ತು, ಫೋನಿನಲ್ಲೂ ಕೇಳುತ್ತಿತ್ತು. ಆಫೀಸಿನ ಎಸಿಗೆ ಹಾಕುವ ಸ್ವೆಟರ್ ಹಾಕಿಕೊಂಡು ಹೋಗಿದ್ದರು. ಕಾಲುವೆಯ ಬದಿ ನಡೆದು ಬಲ ಮೊಣಕಾಲು ನೋಯತೊಡಗಿತ್ತು.

“ಒಬ್ಬ ಮುದುಕ ಕಾರು ನಿಲ್ಲಿಸಿದ. ಬಾ ಅಂದ. ಬಸ್ಸಿಗೆ ಕಾಯ್ತಾ ಇದ್ದೇನೆ ಅಂದೆ. ಇವತ್ತು ಬಸ್ಸಿಲ್ಲ ಅಂದ. ಇವತ್ತಿಲ್ಲದಿದ್ರೆ ನಾಳೆ ಬರ್ತದಲ್ಲ ಅಂದೆ. ಒಂದು ಸಲ ನನ್ನ ನೋಡಿದ, ಹೋದ. ಸ್ಟ್ರೈಕ್ ಇರ್ಬೇಕು. ಇಲ್ಲಿ ಸ್ಟ್ರೈಕ್ ಜಾಸ್ತಿ ಅಂತಾರೆ. ನೀನು ಸ್ವಲ್ಪ ನೋಡಿ ಹೇಳು.”

ನಾನು ಕಂಪ್ಯೂಟರಿನಲ್ಲಿ ಹಾಲೆಂಡಿನ ಸ್ಟ್ರೈಕ್ ಹುಡುಕತೊಡಗಿದೆ. ಆಗ ಫೋನಿನಲ್ಲಿ, ಗಾಳಿಯ ಹಿಂದೆ, ಗಂಟೆ ಕೇಳಿಸಿತು.

“ಅದೆಂತ ಶಬ್ದ ಬಾಯಮ್ಮ?”

“ಚರ್ಚಿನ ಗಂಟೆ. ಬೆಳಗ್ಗೆಯಿಂದ ಎಲ್ಲಾ ಊರಲ್ಲೂ ಹೊಡೀತಾ ಇದ್ದಾರೆ. ಯಾರೋ ದೊಡ್ಡವರು ತೀರಿಕೊಂಡಿರ್ಬೇಕು. ಅಂಗಡಿಗಳೂ ಬಂದ್. ನನಗೆ ಆಗಲೇ ಅನಿಸಿತು, ಪಾಪ ಯಾರೋ ಅಂತ.”

ನಾನು ಕಂಪ್ಯೂಟರಿನಿಂದ ಕೈ ತೆಗೆದೆ. ಕ್ಯಾಬಿನಿನ ಹೊರಗೆ ಕ್ರೇನು ಕೆಲಸ ಮಾಡುತ್ತಿತ್ತು. ಫೋರ್‌ಮನ್ ಯಾರಿಗೋ ಯಲ್ಲಾ ಯಲ್ಲಾ, ಬೇಗ ಬೇಗ, ಎಂದು ಕೂಗುತ್ತಿದ್ದ. ಎಲ್ಲರೂ ಕೆಲಸದಲ್ಲಿದ್ದರು.

“ಬಾಯಮ್ಮ, ಇವತ್ತು ಆದಿತ್ಯವಾರ.”

“ಹೌದು. ನೀನು ಆಫೀಸಲ್ಲಿದ್ದೀಯಲ್ಲ.”

“ಅಲ್ಲಿ ಆದಿತ್ಯವಾರ.”

ಗಾಳಿಯ ಹಿಂದೆ ಗಂಟೆ ಇನ್ನೂ ಹೊಡೆಯುತ್ತಿತ್ತು.

“ಯೇಸುವೇ,” ಎಂದರು. “ಪೂಜೆ ತಪ್ಪಿಸಿದೆ.”

ಬಸ್ಸಿನ ವಿಷಯ ಅವರಿಗೆ ಆಮೇಲೆ ಹೊಳೆಯಿತು. ಅದಕ್ಕಿಂತ ಮೊದಲು ಇನ್ನೊಂದು ಮಾತು ಹೇಳಿದರು: “ಮೊನ್ನೆ ಆ ಚರ್ಚಿಗೆ ಬೈದೆ ನಾನು. ಸುಮ್ನೆ ಬೈದೆ.”

ಆ ಹಳ್ಳಿಯ ಬಸ್ಸು ಆದಿತ್ಯವಾರ ಓಡುವುದೇ ಇಲ್ಲ. ನಾನು ಪಟ್ಟಿ ತೆರೆದು ನೋಡಿದೆ. ರಜೆಯ ಭಾಗದಲ್ಲಿ ಆ ಸ್ಟಾಪಿನ ಎದುರು ಅಡ್ಡಗೆರೆ ಇತ್ತು. ಮೊದಲೂ ಇದ್ದಿರಬೇಕು.

“ತಮ್ಮನ ಮಗನಿಗೆ ಫೋನ್ ಮಾಡಿ ಬಾಯಮ್ಮ.”

“ಬೇಡ.”

“ಅಲ್ಲಿಂದ ಅವನ ಕಾರಿಗೆ ದೊಡ್ಡ ದೂರ ಆಗ್ಲಿಕ್ಕಿಲ್ಲ. ಮೊಣಕಾಲು ನೋಯ್ತಾ ಉಂಟು ಅಂತೀರಿ.”

“ಮೊಣಕಾಲು ನನ್ನದು. ನೋಡು, ಅವನು ಬರ್ತಾನೆ. ನಗ್ತಾ ಬರ್ತಾನೆ. ಆಂಟಿ, ನಾನು ಹೇಳ್ಲಿಲ್ವಾ ಅಂತಾನೆ. ಊರಿಗೆ ಹೋದ ಮೇಲೆ ಅವನ ಅಪ್ಪ ಹೇಳ್ತಾನೆ, ಅಕ್ಕ ಹಾಲೆಂಡಲ್ಲಿ ಬಸ್ಸಿಗೆ ಕಾದು ಕೂತಿದ್ಲು, ನಮ್ಮ ಹುಡುಗ ಹೋಗಿ ಕರ್ಕೊಂಡು ಬಂದ ಅಂತ. ನಾನು ಸಾಯುವವರೆಗೆ ಪ್ರತಿ ಕ್ರಿಸ್‌ಮಸ್ಸಿಗೆ ಹೇಳ್ತಾನೆ. ನಾನು ಎಲ್ಲಿಗೆ ಹೋಗ್ಲಿಕ್ಕೆ ಹೊರಟ್ರೂ ಅದೇ ಕತೆ ಹೇಳಿ ಕಾರು ತೆಗೀತಾನೆ.”

“ನೀವು ಮಾಡದಿದ್ರೆ ನಾನು ಮಾಡ್ತೇನೆ.”

“ಮಾಡಿದ್ರೆ ನಿನ್ನ ಜೊತೆ ಮಾತು ಖಲಾಸ್.”

ಅವರು ಹಾಗೆ ಹೇಳಿದ್ದನ್ನು ನಾನು ಮೊದಲು ಕೇಳಿರಲಿಲ್ಲ. ಬಂದ ರೈಲು ಸ್ಟೇಷನ್ನಿಗೆ ವಾಪಸು ನಡೆಯುವುದು ಇನ್ನೂ ದೂರ; ನಾನು ಆ ಪ್ರದೇಶದ ಬೇರೆ ಬಸ್ಸುಗಳನ್ನು ಹುಡುಕಿದೆ. ಕಾಲುವೆಯ ದಂಡೆ ಹಿಡಿದು ಹೋದರೆ ಮುಂದಿನ ಊರು ಸಿಗುತ್ತದೆ, ದೊಡ್ಡ ರಸ್ತೆ ಇದೆ, ಅಲ್ಲಿ ಆದಿತ್ಯವಾರವೂ ಬಸ್ಸಿದೆ. ಹೇಳಿದೆ.

“ಎಷ್ಟು ದೂರ?”

“ದೂರ ಏನಲ್ಲ.”

ಅವರು ನಕ್ಕರು. “ಅಂದ್ರೆ ದೂರ,” ಎಂದರು. “ಹೊರಡ್ತೇನೆ. ಫೋನಿನ ಚಾರ್ಜು ಮುಗೀತಾ ಬಂತು. ನೀನು ಊಟ ಮಾಡು.”

ನಾನು ಊಟ ಮಾಡಲಿಲ್ಲ. ಗಂಡನಿಗೆ ಫೋನು ಮಾಡಿದೆ. “ನಿನಗೆ ತಲೆ ಸರಿ ಇಲ್ವಾ? ವಯಸ್ಸಾದವರು, ಗುರುತಿಲ್ಲದ ದೇಶ. ಆ ಹುಡುಗನಿಗೆ ಹೇಳು ಮೊದಲು” ಎಂದ. ತಮ್ಮನ ಮಗನ ನಂಬರು ನನ್ನ ಫೋನಿನಲ್ಲಿತ್ತು. ತೆರೆಯ ಮೇಲೆ ಅದನ್ನು ಇಟ್ಟುಕೊಂಡು ಕೂತೆ. ತೆರೆ ಕತ್ತಲಾಗುತ್ತಿತ್ತು, ಮುಟ್ಟಿ ಬೆಳಗಿಸುತ್ತಿದ್ದೆ. ಬಾಯಮ್ಮನ ಫೋನಿಗೆ ಕರೆ ಮಾಡಿದರೆ ಸ್ವಿಚ್ ಆಫ್ ಎಂದು ಬರುತ್ತಿತ್ತು. ಕಾಲುವೆ, ಗಾಳಿ, ಬಲ ಮೊಣಕಾಲು. ಮಧ್ಯಾಹ್ನವೆಲ್ಲ ಹೀಗೇ ಕಳೆಯಿತು. ನಾನು ಆ ನಂಬರು ಒತ್ತಲಿಲ್ಲ. ಸರಿ ಮಾಡಿದೆನೋ ಇಲ್ಲವೋ ನನಗೆ ಆಗ ತಿಳಿದಿರಲಿಲ್ಲ. ಅವರಿಗೆ ಏನಾದರೂ ಆಗಿದ್ದರೆ ಈ ಬರಹ ಬೇರೆಯಾಗಿರುತ್ತಿತ್ತು.

ಸಂಜೆ ಕೋಣೆಗೆ ತಲುಪಿ ಫೋನು ಮಾಡಿದರು. ನಡುವೆ ಎರಡು ಕಡೆ ಕೂತು ನಡೆದರಂತೆ. ಕಾಲುವೆಯ ದಂಡೆ ಹೊಲಗಳ ಮಧ್ಯೆಯೇ ಹೋಗುತ್ತದಂತೆ, ಎರಡೂ ಕಡೆ ಟ್ಯುಲಿಪ್. ರಸ್ತೆಯಲ್ಲಿ ಹೋಗುವ ಬಸ್ಸಿನಿಂದ ಅದು ಕಾಣುವುದಿಲ್ಲವಂತೆ. ಚೆನ್ನಾಗಿತ್ತಾ ಎಂದು ಕೇಳಿದೆ.

“ಬಣ್ಣ ಉಂಟು, ಪರಿಮಳ ಇಲ್ಲ” ಎಂದರು. ಆಮೇಲೆ, “ದಾರಿಯಲ್ಲಿ ಯಾರೂ ಇರ್ಲಿಲ್ಲ. ನಾನೇ ಇದ್ದೆ” ಎಂದರು. ಅವರ ಧ್ವನಿ ನನಗೆ ಗುರುತಾಗದಷ್ಟು ಬೇರೆಯಾಗಿತ್ತು. ಅದಕ್ಕಿಂತ ಹೆಚ್ಚು ಬರೆದರೆ ಊಹೆಯಾಗುತ್ತದೆ.

ಸೋಮವಾರ ಅವರು ತಮ್ಮನ ಮಗನ ಮನೆಗೆ ಊಟಕ್ಕೆ ಹೋಗಲಿಲ್ಲ. ಅವನ ಹೆಂಡತಿ ಬೆಳಿಗ್ಗೆಯೇ ಎದ್ದು ಕೋಳಿ ಸುಕ್ಕ ಮಾಡಿದ್ದಳಂತೆ. ಬಾಯಮ್ಮ ಆ ಹಳ್ಳಿಗೆ ಪುನಃ ಹೋಗಿ, ಆ ಸ್ಟಾಪಿನಲ್ಲಿ ಕೂತು, ಬಸ್ಸು ಹತ್ತಿ ವಾಪಸು ಬಂದರು. ಅಷ್ಟಕ್ಕೇ ಹೋದದ್ದು. ಬಸ್ಸಿನಲ್ಲಿ ಡ್ರೈವರನನ್ನು ಬಿಟ್ಟರೆ ಒಬ್ಬಳು ಶಾಲೆಯ ಹುಡುಗಿ ಇದ್ದಳಂತೆ. ಕಿಟಕಿಯಿಂದ ನೋಡಿದರೆ ಸ್ಟಾಪಿನ ಎದುರಿನ ಹೊಲದಲ್ಲಿ ಯಂತ್ರ ಓಡುತ್ತಿತ್ತಂತೆ. ಗಡ್ಡೆ ದಪ್ಪವಾಗಲಿ ಎಂದು ಹೂವುಗಳ ತಲೆ ಕತ್ತರಿಸುತ್ತಾರೆ. ಬೆಳೆಗಾರರಿಗೆ ಬೇಕಾದದ್ದು ಗಡ್ಡೆ, ಹೂವಲ್ಲ. ನಿನ್ನೆಯ ಕೆಂಪು ಸಾಲಿನಲ್ಲಿ ಅರ್ಧ ಬರೀ ಹಸಿರು ದಂಟು.

“ನಿನ್ನೆ ಬಸ್ಸು ಬಂದಿದ್ರೆ ಹತ್ತಿ ಹೋಗ್ತಿದ್ದೆ,” ಎಂದರು. ಅದು ಸಂತೋಷದ ಮಾತೋ ಅಲ್ಲವೋ ಹೇಳಲಾರೆ.

ದೋಹಾಕ್ಕೆ ಮರಳಿದ ಮೇಲೆ ಒಂದು ದಿನ ನನ್ನ ಮೇಜಿನ ಮೇಲೆ ಯೋಜನೆಯ ಹೊಸ ಪ್ರತಿ ಇತ್ತು. ಕಟ್ಟಡ ಮುಗಿದ ನಂತರ ನಾವು ಒಂದು ಕೊನೆಯ ನಕ್ಷೆ ಮಾಡುತ್ತೇವೆ. ಹೇಗೆ ಕಟ್ಟಬೇಕೆಂದಿದ್ದೆವು ಎಂದಲ್ಲ, ನಿಜಕ್ಕೂ ಹೇಗೆ ಕಟ್ಟಲಾಯಿತು ಎಂದು ತೋರಿಸುವುದು. ‘ಆ್ಯಸ್ ಬಿಲ್ಟ್’ ಎನ್ನುತ್ತಾರೆ. ಬಾಯಮ್ಮ ಮೇಲ್ಗಡೆ ಅದೇ ಮೊಹರು ಒತ್ತಿದ್ದರು. ಆದಿತ್ಯವಾರದ ಮುಂದೆ ‘ಬಸ್ಸು ಧಾರಾಳ’ ಎಂಬುದನ್ನು ಹೊಡೆದು ಹಾಕಿ ‘ನಡಿಗೆ’ ಎಂದು ಬರೆದಿದ್ದರು. ಈ ಸಲ ಮೂರು ಪ್ರತಿ ಮಾಡಿದ್ದರು. ಮೂರನೆಯದು ತಮ್ಮನ ಮಗನಿಗೆ. ಅವನು ಅದನ್ನು ಕಂಡು ಏನು ಹೇಳಿದ ಎಂದು ನನಗೆ ಗೊತ್ತಿಲ್ಲ.

ವರ್ಷದ ಕೊನೆಗೆ ಊರಿಗೆ ಹೋದರು. ವಿಮಾನ ನಿಲ್ದಾಣಕ್ಕೆ ಸೂಟ್‌ಕೇಸು ಎಳೆದುಕೊಂಡು ಮೆಟ್ರೋದಲ್ಲಿ ಹೋದರು. ನನ್ನ ಗಂಡ ಕಾರಿನ ಬಾಗಿಲು ತೆರೆದು ನಿಂತಿದ್ದ. “ನೀವು ಒಳ್ಳೆಯವರು” ಎಂದು ಅವನಿಗೆ ಹೇಳಿ, ರಸ್ತೆ ದಾಟಿದರು. ನಾನು ಸ್ಟೇಷನ್ನಿನವರೆಗೆ ಜೊತೆಗಿದ್ದೆ. ಗೇಟಿನ ಹತ್ತಿರ, ಇನ್ನು ಮೇಲೆ ಪೂಜೆಗೆ ಆದಿತ್ಯವಾರ ಹೋಗಬೇಕು, ಅಭ್ಯಾಸವಾಗಲು ಸ್ವಲ್ಪ ದಿನ ಬೇಕು ಎಂದರು.

ಊರಿನಿಂದ ಆಗಾಗ ಫೋನು ಬರುತ್ತಿತ್ತು. ಆದಿತ್ಯವಾರ ಚರ್ಚಿಗೆ ಹೋಗಲು ಒಂದು ಬಸ್ಸು, ಬರಲು ಒಂದು ಬಸ್ಸು. ತಮ್ಮ ಕೆಲವು ವಾರ ಕಾರು ತಂದು ಅಂಗಳದಲ್ಲಿ ನಿಲ್ಲಿಸಿದ; ಆಮೇಲೆ ತರುವುದನ್ನು ಬಿಟ್ಟ ಎಂದರು. ಹಾಲೆಂಡಿನ ಕತೆ ಅವನ ಬಾಯಿಂದ ಬಂತಾ ಎಂದು ಕೇಳಿದೆ. “ಕ್ರಿಸ್‌ಮಸ್ಸಿಗೆ ನಾನೇ ಹೇಳಿದೆ. ಎಲ್ಲರೂ ನಗಾಡಿದ್ರು. ನಾನು ಕೂಡ” ಎಂದರು.

ಸುದ್ದಿ ಬಂದ ಮಾರನೆಯ ದಿನ ಅವರ ತಮ್ಮನಿಗೆ ಫೋನು ಮಾಡಿದೆ. ನಾವು ಒಬ್ಬರನ್ನೊಬ್ಬರು ಕಂಡಿಲ್ಲ. ಅವರು ಅಳುತ್ತಿದ್ದರು. ಎಲ್ಲರೂ ತಮ್ಮನ್ನೇ ಕೇಳುತ್ತಿದ್ದಾರೆ ಎಂದರು. “ಕಾರಿದ್ದೂ ಅಕ್ಕನನ್ನು ಬಸ್ ಸ್ಟಾಪಲ್ಲಿ ಬಿಟ್ಟೆಯಾ ಅಂತ ಕೇಳ್ತಾರಮ್ಮ. ನಾನು ಎಂತ ಹೇಳ್ಲಿ?”

ಕೇಳಬೇಕಾದದ್ದು ಒಂದೇ ಇತ್ತು, ಅದನ್ನು ಕೇಳಿದೆ.

“ಬಸ್ಸು ಬಂತಾ?”

“ಏನು?”

“ಅವರು ಕಾಯ್ತಾ ಇದ್ದ ಬಸ್ಸು. ಬಂತಾ?”

ಇವಳಿಗೆ ತಲೆ ಕೆಟ್ಟಿದೆ ಎಂದುಕೊಂಡಿರಬಹುದು.

“ಬಂತು,” ಎಂದರು. “ಆ ಬಸ್ಸಿನ ಕಂಡಕ್ಟರೇ ಮೊದಲು ನೋಡಿದ್ದು. ವಾರ ವಾರ ಹೋಗುವವಳಲ್ವಾ, ಅವನಿಗೆ ಗುರುತು. ಬಾಯಮ್ಮ, ಬನ್ನಿ ಅಂತ ಕರೆದನಂತೆ. ಏಳ್ಲಿಲ್ಲ ಅಂತ ಇಳಿದು ಹೋದ. ನಾನು ಹೋಗಿ ಮುಟ್ಟುವಾಗ ಬಸ್ಸು ಅಲ್ಲೇ ನಿಂತಿತ್ತು. ಜನ ಎಲ್ಲಾ ಒಳಗೇ ಕೂತಿದ್ರು. ಯಾರೂ ಹೊರಡು ಅಂತ ಹೇಳ್ಲಿಲ್ಲ. ಆ ಡ್ರೈವರ್ ಅಷ್ಟು ಹೊತ್ತೂ ಬಸ್ಸು ನಿಲ್ಸಿದ್ದ, ನೋಡಿ.”

ಫೋನು ಇಟ್ಟ ಮೇಲೆ ನಾನು ಗುಂಪನ್ನು ತೆರೆದೆ. ಮೇಣದಬತ್ತಿಗಳ ಕೆಳಗೆ ಒಂದು ಸಾಲು ಬರೆದೆ: ಬಸ್ಸು ಬಂದಿತ್ತು.

ಯಾವ ಬಸ್ಸು ಎಂದು ಒಬ್ಬರು ಕೇಳಿದರು.

ಆದಿತ್ಯವಾರದ್ದು, ಎಂದು ಬರೆದೆ.